ಕಾರಿನ ಸೆಟ್ಟು, ಕೀಲಿಯ ಚಿಪ್ಪು ಮತ್ತು ತಾಲ್ಲೂಕಿನ ಕೈಕಸುಬು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಪೇಟೆಯಲ್ಲಿ ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ಓಡಾಡಿದವರಿಗೆ ಆಟೊ ಎಲೆಕ್ಟ್ರಿಕಲ್ ಅಂಗಡಿಗಳ ನೆನಪು ಇದ್ದೇ ಇರುತ್ತದೆ. ಚಾರ್ಜಿಗೆ ಇಟ್ಟ ಬ್ಯಾಟರಿಗಳು, ಬಿಚ್ಚಿ ಹರವಿದ ಡೈನಮೊ, ಗೋಡೆಗೆ ನೇತುಹಾಕಿದ ವೈರಿನ ಸುರುಳಿಗಳು, ಮೂಲೆಯಲ್ಲಿ ಜೋಡಿಸಿಟ್ಟ ಕಾರ್ ಸ್ಟೀರಿಯೊ ಡಬ್ಬಗಳು. ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. 1997ರಲ್ಲಿ ಮೂರೂ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಅಂದಿನ ಅಂಬಾಸಿಡರ್, ಮಾರುತಿ 800, ಮಹೀಂದ್ರ ಜೀಪು, ಟ್ರ್ಯಾಕ್ಸ್‌ಗಳಿಗೆ ಸಾಮಾನ್ಯವಾಗಿ ಕಂಪನಿಯಿಂದ ಹಾಡಿನ ಸೆಟ್ಟು ಬರುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ಖಾಲಿ ಗೂಡು ಬಿಟ್ಟಿರುತ್ತಿದ್ದರು, ಇಲ್ಲವೇ ಅದೂ ಇರುತ್ತಿರಲಿಲ್ಲ. ಅದನ್ನು ತುಂಬುವ ಕೆಲಸ ಈ ಅಂಗಡಿಗಳದ್ದು. ಅಡಿಕೆ ದುಡ್ಡಿನಲ್ಲಿ ಕಾರು ಕೊಂಡ ಚನ್ನಗಿರಿಯ ತೋಟದವರೂ, ಬಸ್ಸು ಕಡಿಮೆಯಿದ್ದ ಜಗಳೂರಿನ ಹಳ್ಳಿಗಳಿಗೆ ಜನ ತುಂಬಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಸ್ ಡ್ರೈವರ್‌ಗಳೂ, ಟ್ರ್ಯಾಕ್ಟರಿಗೆ ಬಾಕ್ಸ್ ಕಟ್ಟಿಸುತ್ತಿದ್ದ ಹೊನ್ನಾಳಿಯ ಹುಡುಗರೂ ಅಲ್ಲಿಗೇ ಬರುತ್ತಿದ್ದರು.

ಆ ಕೆಲಸ ನೋಡಿದಷ್ಟು ಸುಲಭದ್ದಲ್ಲ. ಸೆಟ್ಟಿನ ಹಿಂಬದಿಯಿಂದ ಹೊರಡುವ ವೈರುಗಳಲ್ಲಿ ಹಳದಿಗೆ ಬ್ಯಾಟರಿಯಿಂದ ಸದಾ 12 ವೋಲ್ಟ್ ಬರಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತ್, ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ಸ್ಪೀಕರಿಗೆ. ಹಳದಿ, ಕೆಂಪು ಅದಲುಬದಲಾದರೆ ಕೀ ತೆಗೆದಾಗಲೆಲ್ಲ ಗಡಿಯಾರ, ಹಿಡಿದಿಟ್ಟ ಸ್ಟೇಷನ್ನು ಎಲ್ಲ ಮರೆತುಹೋಗುತ್ತವೆ. ಎರಡನ್ನೂ ನೇರ ಬ್ಯಾಟರಿಗೆ ಸೇರಿಸಿದರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುವಷ್ಟು ಚಾರ್ಜೇ ಉಳಿಯದೆ ಹೋಗಬಹುದು. ಒಳ್ಳೆಯ ಕೆಲಸಗಾರ ಹಳದಿ ವೈರಿಗೆ ಬೇರೆ ಫ್ಯೂಸ್ ಹಾಕುತ್ತಿದ್ದ, ಬಣ್ಣ ಬಳಿದ ತಗಡಿಗೆ ಅರ್ತ್ ಕೊಡದೆ ಕೆರೆದು ತೆಗೆದ ಕಬ್ಬಿಣಕ್ಕೆ ಕೊಡುತ್ತಿದ್ದ, ಮತ್ತೆ ಭದ್ರಾವತಿ ಆಕಾಶವಾಣಿಯ 675 ಕಿಲೊಹರ್ಟ್ಸ್ ಗೊರಗೊರ ಇಲ್ಲದೆ ಕೇಳಿಸುವ ತನಕ ಏರಿಯಲ್ ಹೊಂದಿಸುವುದನ್ನು ಬಿಡುತ್ತಿರಲಿಲ್ಲ. ಅವನ ಕೈಯಲ್ಲಿದ್ದ ಉಪಕರಣ ಬಹುಮಟ್ಟಿಗೆ ಒಂದು ಟೆಸ್ಟ್ ಲ್ಯಾಂಪ್. ವಿದ್ಯೆಯೆಲ್ಲ ಕಣ್ಣಳತೆಯದು, ಗುರುವಿನ ಅಂಗಡಿಯಲ್ಲಿ ಕೂತು ಕಲಿತದ್ದು. ಗಾಡಿ ತನ್ನ ಗುಟ್ಟನ್ನು ಬಚ್ಚಿಡುತ್ತಿರಲಿಲ್ಲ. ಒಂದು ವೈರು ಹಿಡಿದು ಹೋದರೆ ಅದು ಎಲ್ಲಿ ಮುಗಿಯುತ್ತದೆ ಎಂದು ಕಾಣುತ್ತಿತ್ತು.

2000ರ ನಂತರದ ವರ್ಷಗಳಲ್ಲಿ ಎರಡು ಬದಲಾವಣೆ ಒಟ್ಟೊಟ್ಟಿಗೆ ಬಂದವು. ಸೆಟ್ಟು ಕಂಪನಿಯಿಂದಲೇ ಬರತೊಡಗಿತು, ಅದೂ ಡ್ಯಾಶ್‌ಬೋರ್ಡಿನ ಆಕಾರಕ್ಕೇ ಎರಕ ಹೊಯ್ದಂತೆ. ಇನ್ನೊಂದು, ಇಮೊಬಿಲೈಸರ್. ಜರ್ಮನಿ, ಬ್ರಿಟನ್ನುಗಳಲ್ಲಿ 1998ರಿಂದಲೇ ಹೊಸ ಕಾರುಗಳಿಗೆ ಕಡ್ಡಾಯವಾದ ಈ ಏರ್ಪಾಡು ನಮ್ಮಲ್ಲೂ ಸಾಮಾನ್ಯ ಕಾರುಗಳಿಗೆ ಇಳಿಯಿತು. ಕೀಯ ದಪ್ಪ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಚಿಪ್ಪು; ಅದಕ್ಕೆ ಬ್ಯಾಟರಿ ಬೇಕಿಲ್ಲ. ಕೀ ತಿರುವಿದ ಕ್ಷಣ ಇಗ್ನಿಷನ್ ಬೀಗದ ಸುತ್ತ ಇರುವ ತಂತಿಯ ಬಳೆ ಅದನ್ನು ಎಚ್ಚರಿಸಿ ಸಂಕೇತ ಕೇಳುತ್ತದೆ. ಸಂಕೇತ ಹೊಂದಿದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲು, ಕಿಡಿಗಳನ್ನು ಬಿಡುತ್ತದೆ. ಹೊಂದದಿದ್ದರೆ ಮೀಟರಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಅಲ್ಲಿಂದಾಚೆಗೆ ಈ ನಾಲ್ಕೂ ಊರುಗಳಲ್ಲಿ ಒಂದೇ ಮಾತು ಹಬ್ಬಿತು: ಸೆಟ್ಟು ಬದಲಿಸಲು ಹೋದರೆ ಗಾಡಿ ಲಾಕ್ ಆಗುತ್ತದೆ, ಲೋಕಲ್ ಎಲೆಕ್ಟ್ರಿಷಿಯನ್ ಕೈಗೆ ಕೊಡಬೇಡಿ.

ಈ ಮಾತು ತಪ್ಪು ಕಡೆಗೆ ಬೆರಳು ತೋರಿಸುತ್ತದೆ ಎಂಬುದೇ ನನ್ನ ವಾದ. ಹಾಡಿನ ಸೆಟ್ಟಿಗೂ ಇಮೊಬಿಲೈಸರಿಗೂ ಬಹುಪಾಲು ಕಾರುಗಳಲ್ಲಿ ನೇರ ಸಂಬಂಧವೇ ಇಲ್ಲ. ಸೆಟ್ಟು ಕಿತ್ತಿಟ್ಟರೂ ಎಂಜಿನ್ ಓಡುತ್ತದೆ. ಇವೆರಡೂ ಹಂಚಿಕೊಳ್ಳುವುದು ಬ್ಯಾಟರಿ, ಫ್ಯೂಸ್, ಅರ್ತ್ ಮತ್ತು ಕೆಲವು ಕಾರುಗಳಲ್ಲಿ ಮಾಹಿತಿ ಸಾಗುವ ಜೋಡಿ ತಂತಿ. ಕೆಡುವುದು ಇಲ್ಲಿಯೇ. ಕೆಂಪು ವೈರಿಗೆ ಕರೆಂಟು ಹುಡುಕುತ್ತ ಸ್ಟೀರಿಂಗಿನ ಕೆಳಗೆ ಕೈ ಹಾಕಿ ಇಗ್ನಿಷನ್ ವೈರುಗಳ ಕಟ್ಟನ್ನೇ ಕತ್ತರಿಸಿದರೆ, ಹಳೆಯ ಟೆಸ್ಟ್ ಲ್ಯಾಂಪನ್ನು ಕಂಪ್ಯೂಟರಿನ ಸೂಕ್ಷ್ಮ ತಂತಿಗೆ ಚುಚ್ಚಿದರೆ, ಬ್ಯಾಟರಿಯ ನೆಗೆಟಿವ್ ಬಿಚ್ಚದೆಯೇ ಕೆಲಸ ಶುರುಮಾಡಿ ಫ್ಯೂಸ್ ಹಾರಿಸಿದರೆ ಗಾಡಿ ನಿಲ್ಲುತ್ತದೆ. ಆಗ ಎಲ್ಲರೂ ಇಮೊಬಿಲೈಸರನ್ನೂ ಕೆಲಸಗಾರನನ್ನೂ ಬೈಯುತ್ತಾರೆ. ಆದರೆ ಆ ಕಾರಿನ ವೈರಿಂಗ್ ನಕ್ಷೆ ಅವನ ಮುಂದಿದ್ದರೆ ಅವನು ಆ ಕಟ್ಟನ್ನು ಮುಟ್ಟುತ್ತಲೇ ಇರಲಿಲ್ಲ. ಮೊದಲು ಗಾಡಿಯೇ ನಕ್ಷೆಯಾಗಿತ್ತು. ಈಗ ನಕ್ಷೆ ಕಾಗದಕ್ಕೆ ಹೋಗಿದೆ, ಕಾಗದ ಕಂಪನಿಯ ಸರ್ವಿಸ್ ಸೆಂಟರಿನಲ್ಲಿದೆ. ಕಸುಬಿಗೆ ಏಟು ಬಿದ್ದದ್ದು ಚಿಪ್ಪಿನಿಂದಲ್ಲ, ಕಾಗದ ಕೈಗೆ ಸಿಗದಿದ್ದುದರಿಂದ.

ಕಳ್ಳತನ ತಡೆಯುವ ಏರ್ಪಾಡಿನ ವಿವರ ಎಲ್ಲರಿಗೂ ಕೊಟ್ಟರೆ ಅದು ಕಳ್ಳರಿಗೂ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಇಮೊಬಿಲೈಸರ್ ದೊಡ್ಡ ಉಪಕಾರ. ಎರಡು ವೈರು ಉಜ್ಜಿ ಕಾರು ಕದಿಯುತ್ತಿದ್ದ ಕಾಲ ಅದರಿಂದ ಮುಗಿಯಿತು. ಆದರೆ ಸೆಟ್ಟು ಬದಲಿಸುವವನಿಗೆ ಕೀಯ ಗುಪ್ತ ಸಂಕೇತ ಬೇಕಿಲ್ಲ. ಯಾವ ತಂತಿ ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬುದಷ್ಟೇ ಸಾಕು. ಬೀಗದ ಕೈ ಕೊಡುವುದು ಬೇರೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ಹೇಳುವುದು ಬೇರೆ. ಇನ್ನೂ ಕೆಲವರು ಕಾಲ ಬದಲಾಗಿದೆ, ಎಲೆಕ್ಟ್ರಿಷಿಯನ್ನರೂ ಕಲಿಯಲಿ ಎನ್ನುತ್ತಾರೆ. ಅವರು ಕಲಿತೇ ಇದ್ದಾರೆ. ಟೆಸ್ಟ್ ಲ್ಯಾಂಪ್ ಇಟ್ಟು ಮಲ್ಟಿಮೀಟರ್ ಹಿಡಿದಿದ್ದಾರೆ. ವೈರು ಕತ್ತರಿಸದೆ ಕಂಪನಿಯ ಸಾಕೆಟ್ಟಿಗೇ ಸಿಕ್ಕಿಸುವ ರೆಡಿ ಕಪ್ಲರ್ ತರಿಸಿಟ್ಟಿದ್ದಾರೆ. ಸ್ಟೀರಿಂಗಿನ ಬಟನ್ನು ಹೊಸ ಸೆಟ್ಟಿಗೆ ಹೊಂದಿಸುತ್ತಾರೆ, ಹಿಂಬದಿ ಕ್ಯಾಮೆರಾ ಕೂರಿಸುತ್ತಾರೆ. ಇದನ್ನೆಲ್ಲ ಅವರು ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತದ್ದು. ಅದೇ ಕಾರಿನ ಬೇರೆ ಮಾದರಿಯಲ್ಲಿ ಬಣ್ಣವೂ ಜಾಗವೂ ಬೇರೆ ಇರಬಹುದು, ವಿಡಿಯೊ ಅದನ್ನು ಹೇಳುವುದಿಲ್ಲ. ಕಲಿಯುವ ಮನಸ್ಸಿರುವವನಿಗೆ ಪುಸ್ತಕ ಕೊಡದೆ, ಪರೀಕ್ಷೆಯಲ್ಲಿ ಫೇಲಾದನೆಂದು ಹಂಗಿಸುವುದು ನ್ಯಾಯವಲ್ಲ.

ಹಾಡು ಕೇಳುವ ಶೋಕಿಗೆ ಇಷ್ಟೆಲ್ಲ ಚಿಂತೆ ಏಕೆ ಎಂಬ ಆಕ್ಷೇಪವೂ ಉಂಟು. ಸೆಟ್ಟು ಕೂರಿಸುವ ಕೈಯೇ ಹೆಡ್‌ಲೈಟ್, ಹಾರ್ನ್, ವೈಪರ್, ಸೆಲ್ಫ್ ಮೋಟಾರ್ ನೋಡುವ ಕೈ. ಸ್ಟೀರಿಯೊ ಕೆಲಸದ ಲಾಭವೇ ಆ ಅಂಗಡಿಯನ್ನು ವರ್ಷವಿಡೀ ತೆರೆದಿಡುತ್ತಿತ್ತು. ಅಡಿಕೆ ಕೊಯ್ಲಿನ ಕಾಲದಲ್ಲಿ ಚನ್ನಗಿರಿಯ ಪಿಕಪ್ಪು ನಿಂತರೆ, ಮೆಕ್ಕೆಜೋಳ ಹೇರಿಕೊಂಡ ಗಾಡಿ ನ್ಯಾಮತಿಯಲ್ಲಿ ಕೈಕೊಟ್ಟರೆ, ಜಗಳೂರಿನಿಂದ ಆಸ್ಪತ್ರೆಗೆ ಹೊರಟ ಕಾರು ರಾತ್ರಿಯಲ್ಲಿ ಹಿಡಿಯದೆ ಹೋದರೆ ಬೇಕಾಗುವವನು ಅವನೇ. ಅವನು ಅಂಗಡಿ ಮುಚ್ಚಿದರೆ ಒಂದು ಸಣ್ಣ ಫ್ಯೂಸಿಗಾಗಿ ಗಾಡಿಯನ್ನು ದಾವಣಗೆರೆಗೋ ಶಿವಮೊಗ್ಗಕ್ಕೋ ಎಳೆಸಿಕೊಂಡು ಹೋಗಬೇಕು.

ನಕ್ಷೆ ಕೈಗೆ ಸಿಗುವುದಿಲ್ಲ ಎಂಬ ಈ ದೂರು ಬರೀ ತಾಲ್ಲೂಕಿನವರ ಗೊಣಗಾಟವಲ್ಲ. ಬಿಡಿಭಾಗ, ತಪಾಸಣಾ ಉಪಕರಣ, ತಾಂತ್ರಿಕ ವಿವರಗಳನ್ನು ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಕೊಡುತ್ತಿಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು; ಅದರ ಮೇಲೆ ಮೇಲ್ಮನವಿಗಳೂ ನಡೆದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆ ಸಮಿತಿ ರಚಿಸಿ, ಅದೇ ವರ್ಷ ಒಂದು ಪೋರ್ಟಲ್ ತೆರೆಯಿತು. ವಾಹನಗಳೂ ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಇನ್ನು ಆಗಬೇಕಾದದ್ದು, ಪ್ರತಿ ಮಾದರಿಯ ವೈರಿಂಗ್ ನಕ್ಷೆ ಕನ್ನಡ ವಿವರಣೆಯೊಡನೆ ಕೆಲಸಗಾರನಿಗೆ ಕೈಗೆಟುಕುವ ಬೆಲೆಯಲ್ಲಿ ಸಿಗುವುದು. ಐಟಿಐಗಳು ಅಂಗಡಿ ಇಟ್ಟುಕೊಂಡವರಿಗೂ ಸಂಜೆ ತರಗತಿ ನಡೆಸಿ ಇಮೊಬಿಲೈಸರ್, ಸ್ಕ್ಯಾನರ್‌ಗಳನ್ನು ಕೈಯಾರೆ ಕಲಿಸುವುದು. ಗ್ರಾಹಕರೂ ಅಗ್ಗಕ್ಕೆ ಆಸೆಪಟ್ಟು ವೈರು ಕತ್ತರಿಸಲು ಬಿಡದೆ ಕಪ್ಲರನ್ನೇ ಕೇಳಬೇಕು, ಬ್ಯಾಟರಿ ಬಿಚ್ಚಿದ ಮೇಲೆಯೇ ಕೆಲಸ ಶುರುಮಾಡಿಸಬೇಕು, ಕಂಪನಿಯ ಹಳೆಯ ಸೆಟ್ಟನ್ನೂ ಎರಡನೆಯ ಕೀಯನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ದುಡ್ಡು ಕೊಟ್ಟು ಕೊಂಡ ಗಾಡಿಯನ್ನು ತನ್ನ ಊರಿನಲ್ಲೇ, ತನಗೆ ನಂಬಿಕೆಯಿರುವ ಕೈಯಿಂದ ರಿಪೇರಿ ಮಾಡಿಸಿಕೊಳ್ಳುವುದು ಮಾಲೀಕನ ಹಕ್ಕು. ಆ ಹಕ್ಕು ಜಗಳೂರಿನವನಿಗೂ ಬೆಂಗಳೂರಿನವನಿಗೂ ಒಂದೇ ಆಗಿರಬೇಕು.