ಯಾವ ಖಾನ್ಯಾಗ ಹುಡುಕಲಿ?

ಕಂಪ್ಯೂಟರಿಗೆ ಜಾತಿ ಇಲ್ಲ ಅನ್ನುವವರು ಬಹಳ ಇದ್ದಾರೆ. ಇರಲಿ. 1994ರಲ್ಲಿ ಅಮೆರಿಕದ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ, ಅಂತರ್ಜಾಲದ ತಾಣಗಳನ್ನು ಕೈಯಿಂದಲೇ ಆರಿಸಿ ಖಾನೆ ಖಾನೆಯಾಗಿ ಜೋಡಿಸಿದರು. ಅದೇ ಯಾಹೂ. ಆ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳುವಾಗ ಅವರೇ 'ಶ್ರೇಣೀಕೃತ' ಎಂಬ ಮಾತು ಸೇರಿಸಿದ್ದರು. ಬಾಬಾಸಾಹೇಬರನ್ನು ಓದಿದ ನಮಗೆ ಆ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲಾಗುವುದಿಲ್ಲ. 1998ರಲ್ಲಿ ಬಂದ ಗೂಗಲ್ ಮೇಲು-ಕೆಳಗನ್ನು ಬೇರೆ ರೀತಿ ಎಣಿಸಿತು: ದೊಡ್ಡ ಪುಟಗಳು ಯಾರ ಕಡೆ ಬೆರಳು ತೋರಿಸ್ತಾವೋ ಆ ಪುಟ ಮೊದಲು. ಹನುಮಾನ ಗುಡಿ ಕಟ್ಟೆ ಮ್ಯಾಲಿನ ಪಂಚಾಯ್ತಿನೂ ಹಿಂಗೇ ನಡೀತದ.

ನಮ್ಮ ಭಾಲ್ಕಿ, ಔರಾದ ಮಂದಿಗೆ 'ಹುಡುಕು' ಅನ್ನೋದು ಬಂದದ್ದು ಯಾಹೂದಿಂದಲ್ಲ, ಪಹಣಿಯಿಂದ. 2002ರ ಹೊತ್ತಿಗೆ ರಾಜ್ಯದ ತಾಲೂಕು ಕಚೇರಿಗಳಲ್ಲಿ 'ಭೂಮಿ' ಯೋಜನೆಯ ಕಂಪ್ಯೂಟರುಗಳು ಕೂತವು. ಸುಮಾರು 2 ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರು. 15 ರೂಪಾಯಿ ಕೊಟ್ಟು ಸರ್ವೆ ನಂಬರೋ ಹೆಸರೋ ಹೇಳಿದರೆ ಹಾಳೆ ಕೈಗೆ ಬಂತು. ಗ್ರಾಮ ಲೆಕ್ಕಿಗನ ದಾರಿ ಕಾಯೋದು ತಪ್ಪಿತು. ಇದನ್ನು ನಾವು ಸಣ್ಣದು ಅನ್ನುವುದಿಲ್ಲ.

ಆದರೆ ಯಂತ್ರ ಹುಡುಕೋದು ಅಕ್ಷರ ಹಿಡಿದು. 1948ರ ತನಕ ನಿಜಾಮರ ಕೈಯಲ್ಲಿದ್ದ ನಮ್ಮ ಸೀಮೆಯ ಹಳೇ ದಫ್ತರುಗಳು ಬಹಳಷ್ಟು ಉರ್ದುವಿನಲ್ಲಿವೆ. ಆ ಲಿಪಿಯಲ್ಲಿ 'ಣ' ಇಲ್ಲ, 'ಳ' ಇಲ್ಲ. ಅದರೊಳಗ ಮಾಣಿಕ ಮಾನಿಕ ಆಗ್ತಾನ, ಕಾಳಪ್ಪ ಕಾಲಪ್ಪ ಆಗ್ತಾನ. ದೇಶಮುಖರ ಹೊಲ ಊರಿಗೇ ಗೊತ್ತು, ಹೆಸರು ಸೊಟ್ಟಾದರೂ ಹೊಲ ಎಲ್ಲೂ ಹೋಗೋದಿಲ್ಲ. ಎರಡೆಕರೆ ಮಂಜೂರಿ ಹೊಲದವನಿಗೆ ಅದೇ ಒಂದು ಅಕ್ಷರಕ್ಕೆ ಅಫಿಡವಿಟ್ಟು, ನೋಟರಿ, ವಕೀಲ, ಮ್ಯಾಲ ಬೀದರಿಗೆ ಬಸ್ ಚಾರ್ಜು.

ಇದೂ ಹೊಲ ಇದ್ದವರ ಮಾತಾಯ್ತು. ಪಹಣಿಯ 9ನೇ ಕಾಲಂ ಮಾಲೀಕಂದು, 12ನೇದು ಸಾಗುವಳಿ ಮಾಡುವವಂದು. ಮನೆಗೆ ಮೊದಲ ಡಿಗ್ರಿ ತಂದ ನಾವು ಈಗ ಮೊಬೈಲಿನಾಗೇ ಪಹಣಿ ತೆಗೆದು ತೋರಿಸ್ತೀವಿ. ಮೊನ್ನೆ ಔರಾದ ಕಡೆಯ ನಮ್ಮ ಆಯಿ ಕೇಳಿದಳು: "ನಲವತ್ತು ವರ್ಷ ಆ ಹೊಲದಾಗ ತೊಗರಿ ಕೊಯ್ದೀನಿ. ನನ್ನ ಹೆಸರು ಯಾವ ಖಾನ್ಯಾಗ ಅದ, ನೋಡಪಾ."

ಸರ್ವೆ ನಂಬರ್ ಹಾಕಿದೆವು. ಮಾಲೀಕನ ಹೆಸರು, ಎಕರೆ, ಗುಂಟೆ, ಬ್ಯಾಂಕಿನ ಸಾಲ ಎಲ್ಲ ಬಂತು.

"ಇನ್ನಾ ಕೆಳಗ ಸರಸು" ಅಂದಳು.