ನೈರೋಬಿಯಲ್ಲಿ ಎರಡು ದಿನ

ಯಾತ್ರೆ, ಪ್ರಯಾಣ, ಪ್ರವಾಸ, ದೇಶಾಟನ, ತೀರ್ಥಾಟನ ಎಂದು ಮನೆ ಬಿಟ್ಟು ಹೊರಡುವದಕ್ಕೆ ಸಂಸ್ಕೃತದಲ್ಲಿ ಹೆಸರುಗಳ ಬರವಿಲ್ಲ. ಆದರೆ ಶನಿವಾರ ಮುಂಜಾನೆ ಒಂದು ಮಹಾನಗರವನ್ನು ನೋಡತೊಡಗಿ ರವಿವಾರ ರಾತ್ರಿ ಅದಕ್ಕೆ ಬೆನ್ನು ತಿರುಗಿಸುವ ಇಂದಿನ ವಿಹಾರಕ್ಕೆ ತಕ್ಕ ಶಬ್ದವೊಂದನ್ನು ಪೂರ್ವಿಕರು ಮಾಡಿಡಲಿಲ್ಲ. ಅವರಿಗೆ ಅದು ಬೇಕಾಗಿರಲಿಕ್ಕೂ ಇಲ್ಲ. ಹಿರೇಕೆರೂರಿನವರಾದ ನಮಗೂ ಎರಡು ದಿನದ ಪಟ್ಟಣವಾಸವೆಂದರೆ ಹುಬ್ಬಳ್ಳಿಯೇ: ಒಂದು ದಿನ ಅರಿವೆ ಅಂಗಡಿಗಳು, ಮರುದಿನ ಸಿದ್ಧಾರೂಢರ ಮಠ, ಸಂಜೆಗೆ ಮರಳಿ ಮೋಟಾರು. ಅಂಥ ನಾವು ಈಗ ಆಫ್ರಿಕಾ ಖಂಡದ ನೈರೋಬಿ ಪಟ್ಟಣದಲ್ಲಿ ಎರಡು ದಿನಗಳನ್ನು ಕಳೆಯುವ ಬಗೆಯನ್ನು ಚಿಂತಿಸುತ್ತ ಕುಳಿತಿದ್ದೇವೆ.

ಕಾರಣವನ್ನು ಹೇಳಿಬಿಡುವದು ಒಳಿತು. ನಮ್ಮ ಮಗಳೂ ಅಳಿಯಂದಿರೂ ಮೂರು ವರ್ಷಗಳಿಂದ ಕೇನ್ಯಾ ದೇಶದ ಮೊಂಬಾಸಾ ಬಂದರದಲ್ಲಿ ನೆಲೆಸಿರುವರು. ಬರುವ ಜುಲೈ ತಿಂಗಳಲ್ಲಿ ನಾವಿಬ್ಬರೂ ಅವರಲ್ಲಿಗೆ ಹೋಗಿ ಹದಿನೈದು ದಿನ ಇದ್ದು ಬರತಕ್ಕವರು. ಆದರೆ ಮಗಳೂ ನೌಕರಿಯವಳು. ಮುಂಜಾನೆ ಹೋದರೆ ಬರುವದು ಸಂಜೆಗೆ. ಆದುದರಿಂದ ಕೊನೆಯ ಶುಕ್ರವಾರ ಎಲ್ಲರೂ ಕೂಡಿ ರೈಲಿನಿಂದ ನೈರೋಬಿಗೆ ಬಂದು, ಶನಿವಾರ ರವಿವಾರಗಳನ್ನು ಒಟ್ಟಿಗೆ ಕಳೆದು, ರವಿವಾರ ರಾತ್ರಿ ನಾವು ಮುಂಬಯಿಯ ವಿಮಾನವನ್ನು ಹತ್ತುವದೆಂದು ಅಳಿಯಂದಿರು ಗೊತ್ತುಮಾಡಿದ್ದಾರೆ. ಪಟ್ಟಣದಲ್ಲಿ ಏನನ್ನು ನೋಡಬೇಕೆಂಬ ನಿರ್ಣಯವನ್ನು ಮಾತ್ರ ನಮಗೆ ಬಿಟ್ಟರು.

ಮೂವತ್ತೇಳು ವರ್ಷ ಶಾಲೆಯ ವೇಳಾಪತ್ರಿಕೆಗಳನ್ನು ಬರೆದ ಕೈ ಸುಮ್ಮನಿರುವದೇ? ಆದರೆ ವೇಳಾಪತ್ರಿಕೆಗಿಂತ ಮೊದಲು ವೈದ್ಯರ ಮನೆ. ಕೇನ್ಯಾದಿಂದ ಭಾರತಕ್ಕೆ ಮರಳುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ತೋರಿಸತಕ್ಕದ್ದು. ಇಲ್ಲವಾದರೆ ಆರು ದಿನಗಳ ವರೆಗೆ ಪ್ರತ್ಯೇಕವಾಗಿ ಇರಿಸಲ್ಪಡುವ ಸಂಭವವುಂಟು. ಈ ಲಸಿಕೆ ಊರೂರಿನ ದವಾಖಾನೆಗಳಲ್ಲಿ ದೊರೆಯದು, ಸರಕಾರವು ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ಹೊರಡುವ ಹತ್ತು ದಿನ ಮೊದಲಾದರೂ ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿಕೊಂಡರೆ, 2016 ರಿಂದ ಬಂದ ನಿಯಮದಂತೆ, ಆ ಪತ್ರವು ಜೀವಮಾನಪರ್ಯಂತ ನಡೆಯುವದು. ಇಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಅರವತ್ತು ದಾಟಿದ ಮೇಲೆ ಮೊದಲ ಸಲ ಈ ಲಸಿಕೆಯನ್ನು ಹಾಕಿಸಿಕೊಳ್ಳುವವರಲ್ಲಿ, ವಿರಳವಾಗಿಯಾದರೂ, ಕಠಿನ ಬಾಧೆಗಳಾಗುವ ಭಯವು ತರುಣರಿಗಿಂತ ಹೆಚ್ಚು. ನಮಗೆ ಅರವತ್ತೊಂದು ನಡೆದಿದೆ. ನಮ್ಮ ಗೃಹಿಣಿಗೆ ಐವತ್ತಾರು. ವೈದ್ಯರು ನಮ್ಮ ಹಿಂದಿನ ರೋಗಗಳನ್ನೂ ನುಂಗುವ ಗುಳಿಗೆಗಳನ್ನೂ ವಿಚಾರಿಸಿ, ಕಡೆಗೆ “ತತ್ತಿ ತಿಂದರೆ ಮೈಗೆ ಆಗುವದಿಲ್ಲವೋ?” ಎಂದು ಕೇಳಿದರು. ಈ ಲಸಿಕೆಯನ್ನು ಕೋಳಿಯ ತತ್ತಿಯಲ್ಲಿ ಬೆಳೆಸುವರಂತೆ. ತಿಂದು ನೋಡಿದವರಲ್ಲದ ನಾವು ಏನೆಂದು ಉತ್ತರ ಕೊಡಬೇಕು? ನಮ್ಮ ಮನೆಯವರು ಅಲ್ಲಿಯೇ, “ಇವರಿಗೆ ಬ್ಯಾಡ ಅಂದ್ರ ನಾನೊಬ್ಬಾಕಿನೇ ಹೋಗಿ ಬರ್ತೀನ್ರಿ, ಡಾಕ್ಟರ,” ಎಂದುಬಿಟ್ಟರು. ಮೂರು ವರ್ಷ ಮಗಳನ್ನು ಕಾಣದ ತಾಯಿಯ ಮಾತು ಅದು. ರಾಣೇಬೆನ್ನೂರಿನ ಆಚೆ ಒಬ್ಬರೇ ಹೋದವರಲ್ಲ! ವೈದ್ಯರು ನಕ್ಕು, ಎರಡು ದಿನ ವಿಚಾರ ಮಾಡಿ, ನಮ್ಮ ಪ್ರಕೃತಿಗೆ ವಿರೋಧವಾದುದೇನೂ ಕಾಣುವದಿಲ್ಲವೆಂದು ಒಪ್ಪಿಗೆ ಕೊಟ್ಟರು. ಇಬ್ಬರಿಗೂ ಲಸಿಕೆಯಾಯಿತು, ಎರಡು ವಾರಗಳೂ ಸುಖವಾಗಿ ಕಳೆದವು.

ಇನ್ನು ಪಟ್ಟಣದ ಮಾತು. 1899 ಕ್ಕಿಂತ ಮೊದಲು ಆ ಸ್ಥಳದಲ್ಲಿ ಪಟ್ಟಣವೇ ಇರಲಿಲ್ಲ. ಮಾಸಾಯಿ ದನಗಾರರು ದನಗಳಿಗೆ ನೀರು ಕುಡಿಸುವ ಜೌಗುನೆಲವಿತ್ತು. ತಂಪು ನೀರೆಂಬ ಅರ್ಥದ ಅವರ ಮಾತಿನಿಂದಲೇ ನೈರೋಬಿ ಎಂಬ ಹೆಸರು. ನಮ್ಮೂರ ಹೆಸರಿನಲ್ಲಿ ಕೆರೆಯಿದ್ದಂತೆ ಆ ಊರ ಹೆಸರಿನಲ್ಲಿಯೂ ನೀರಿದೆ. ಮೊಂಬಾಸಾದಿಂದ ಒಳನಾಡಿಗೆ ರೈಲು ಹಾಕುತ್ತ ಬಂದ ಆಂಗ್ಲರು ಅಲ್ಲಿ ಸಾಮಾನಿನ ಠಾಣೆಯನ್ನು ಮಾಡಿದರು. ಆ ಠಾಣೆ 2019 ರ ಜನಗಣತಿಯ ಹೊತ್ತಿಗೆ ಸುಮಾರು 44 ಲಕ್ಷ ಜನರ ನಗರವಾಗಿತ್ತು. ಭೂಮಧ್ಯರೇಖೆಯ ಬದಿಯಲ್ಲಿಯೇ ಇದ್ದರೂ ಸುಡುವ ಊರಲ್ಲ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ತುಸುವೇ ತಗ್ಗಿನಲ್ಲಿ, ಸುಮಾರು 1,800 ಮೀಟರ ಎತ್ತರದಲ್ಲಿದೆ. ಜುಲೈ ಅಲ್ಲಿ ಚಳಿಯ ಕಾಲ. ಕಂಬಳಿಗಳು ಪೆಟ್ಟಿಗೆಯನ್ನು ಸೇರಿದವು.

ಪೆಟ್ಟಿಗೆಯ ವಿಷಯದಲ್ಲಿ ಗೃಹಿಣಿಯರಿಗೆ ಒಂದು ಸೂಚನೆ. ಕೇನ್ಯಾದಲ್ಲಿ 2017 ರಿಂದ ಪ್ಲಾಸ್ಟಿಕ್ ಕೈಚೀಲಗಳು ನಿಷಿದ್ಧ. ಅಭಯಾರಣ್ಯಗಳಿಗೆ ಪ್ಲಾಸ್ಟಿಕ್ ನೀರಿನ ಬಾಟ್ಲಿಯನ್ನೂ ಒಯ್ಯುವಂತಿಲ್ಲ. ಶೇಂಗಾ ಚಟ್ನಿಯೂ ಕಟಕ ರೊಟ್ಟಿಯೂ ಈಗ ಹಳೆಯ ಧೋತರದಿಂದ ಹೊಲಿದ ಚೀಲಗಳಲ್ಲಿ ಕುಳಿತಿವೆ. ಊಟಕ್ಕೆ ಹೆದರಬೇಕಾದುದಿಲ್ಲ, ಗುಜರಾಥಿಗಳು ಬಹುಕಾಲದಿಂದ ಅಲ್ಲಿರುವದರಿಂದ ಶಾಕಾಹಾರದ ಖಾನಾವಳಿಗಳುಂಟು. ಅಲ್ಲಿಯ ಜನರ ನಿತ್ಯದ ಅನ್ನವಾದ ಉಗಾಲಿಯಾದರೂ ಗೋವಿನಜೋಳದ ಗಟ್ಟಿ ಮುದ್ದೆಯೇ. ನಮ್ಮ ತಾಲೂಕಿನ ಹೊಲಗಳಲ್ಲೆಲ್ಲ ಗೋವಿನಜೋಳವೇ ನಿಂತಿದೆ, ಮಾರಿದ್ದು ಕೋಳಿಗಳ ಹೊಟ್ಟೆಗೆ ಹೋಗುತ್ತದೆ. ನಾವದನ್ನು ತಿನ್ನಲು ಸಮುದ್ರ ದಾಟಬೇಕು.

ಅಲ್ಲಿಯ ಸ್ವಾಹಿಲಿ ನುಡಿ ನಮ್ಮನ್ನು ಮೂರು ರಾತ್ರಿ ಎಚ್ಚರವಿಟ್ಟಿತು. ಅಂಗಡಿಗೆ ‘ದುಕಾ’, ಬಂಡಿಗೆ ‘ಗಾರಿ’, ಹಣಕ್ಕೆ ‘ಪೆಸಾ’. ಇವೆಲ್ಲ ನಮ್ಮ ಕಡೆಯ ವ್ಯಾಪಾರಿಗಳ ಬಾಯಿಂದ ಹೋದ ನೆಂಟರು. ಮೊಮ್ಮಗನು ದೂರವಾಣಿಯಲ್ಲಿ, “ಅಜ್ಜಾ, ಸಿಂಬಾ ನೋಡೋಣು,” ಎಂದಾಗ, ಸಿಂಹ ಶಬ್ದವೇ ಕಡಲು ದಾಟಿತೆಂದು ಯಾವ ಸಂಸ್ಕೃತದವನಾದರೂ ಹಿಗ್ಗಿಯಾನು. ಆದರೆ ಅದು ಬಾಂಟು ನುಡಿಗಳ ಸ್ವಂತ ಶಬ್ದವೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಅದಕ್ಕಿಂತ ಸ್ವಾರಸ್ಯದ್ದು ಅವರ ಗಡಿಯಾರ. ಪಂಚಾಂಗದ ಘಟಿಕೆಗಳಂತೆ ಅವರ ತಾಸುಗಳೂ ಸೂರ್ಯೋದಯದಿಂದ ಎಣಿಕೆ. ನಮ್ಮ ಮುಂಜಾನೆಯ ಏಳು ಅವರಿಗೆ ಒಂದು. ಗಾಡಿಯವನು ಸ್ವಾಹಿಲಿಯಲ್ಲಿ ಎರಡಕ್ಕೆ ಬರುವೆನೆಂದರೆ ಎಂಟಕ್ಕೆ ಸಿದ್ಧರಾಗಿರಬೇಕು.

ನಾವು ಬರೆದ ಮೊದಲ ಪಟ್ಟಿ ಹೀಗಿತ್ತು: ಶನಿವಾರ ರೈಲ್ವೆ ವಸ್ತುಸಂಗ್ರಹಾಲಯ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಜಿರಾಫೆಗಳ ತಾಣ, ರವಿವಾರ ಅಭಯಾರಣ್ಯ, ತಬ್ಬಲಿ ಆನೆಮರಿಗಳು, ಪೇಟೆ, ದೇವಸ್ಥಾನ. ಮನೆಯವರು ಕನ್ನಡಕ ಹಾಕಿಕೊಂಡು ಓದಿ ಒಂದೇ ಮಾತು ಕೇಳಿದರು: “ನೀವು ಹೊಂಟದ್ದು ಊರು ನೋಡ್ಲಿಕ್ಕೋ, ಮಗಳನ್ನ ನೋಡ್ಲಿಕ್ಕೋ?”

ಅಲ್ಲಿಂದ ಪಟ್ಟಿಯು ಕರಗತೊಡಗಿತು. ರೈಲ್ವೆಯ ವಸ್ತುಸಂಗ್ರಹಾಲಯವನ್ನು ಬಿಡಲು ನಾವು ಒಪ್ಪಲಿಲ್ಲ. ಆ ದಾರಿಯನ್ನು 1896 ರಿಂದ 1901 ರ ವರೆಗೆ ಹಾಕಿದವರಲ್ಲಿ ಸುಮಾರು 32,000 ಕೂಲಿಗಳು ಹಿಂದುಸ್ಥಾನದವರು, ಬಹುತರ ಪಂಜಾಬದವರು. ಸುಮಾರು 2,500 ಜನ ಅಲ್ಲಿಯೇ ಮಡಿದರು. 1898 ರಲ್ಲಿ ಸಾವೋ ಎಂಬಲ್ಲಿ ಎರಡು ಸಿಂಹಗಳು ಕೂಲಿಗಳನ್ನು ಡೇರೆಗಳಿಂದ ಎಳೆದೊಯ್ದ ಕಥೆ ಪ್ರಸಿದ್ಧವೇ ಇದೆ. 1900 ರಲ್ಲಿ ಒಬ್ಬ ಆಂಗ್ಲ ಅಧಿಕಾರಿಯನ್ನು ಸಿಂಹವು ಯಾವ ಡಬ್ಬಿಯಿಂದ ಎಳೆದೊಯ್ದಿತೋ ಆ ಡಬ್ಬಿಯು ಈ ವಸ್ತುಸಂಗ್ರಹಾಲಯದಲ್ಲಿದೆ. ನಾವು 2017 ರಲ್ಲಿ ತೆರೆದ ಹೊಸ ರೈಲಿನಲ್ಲಿ ಕುಳಿತು ಅದೇ ಸಾವೋವನ್ನು ದಾಟಿ ಬರತಕ್ಕವರು. ಸತ್ತ ಕೂಲಿಗಳ ಹೆಸರಿನಲ್ಲಿ ಅರ್ಧ ತಾಸು ನಿಲ್ಲದೆ ಬರುವದು ನಮಗೆ ಸರಿಕಾಣಲಿಲ್ಲ. ಈ ಮಾತಿಗೆ ಮನೆಯವರೂ ಎದುರಾಡಲಿಲ್ಲ.

ರಾಷ್ಟ್ರೀಯ ವಸ್ತುಸಂಗ್ರಹಾಲಯವು ಮಾತ್ರ ಹೋಯಿತು. ಅಲ್ಲಿ 1984 ರಲ್ಲಿ ತುರ್ಕಾನಾ ಸರೋವರದ ಬಳಿ ದೊರೆತ ಆದಿಮಾನವ ಬಾಲಕನ ಅಸ್ಥಿಗಳಿವೆ. ವಯಸ್ಸು 15 ಲಕ್ಷ ವರ್ಷಗಳ ಮೇಲೆ. ನಾವು ಮರುಗಿದಾಗ, “ಇಷ್ಟು ವರ್ಷ ಕಾದ ಹುಡುಗ ಇನ್ನೊಂದು ಸಲಕ್ಕೂ ಕಾಯ್ತಾನ, ಬಿಡ್ರಿ,” ಎಂದರು. ಜಿರಾಫೆಗಳೂ ಪೇಟೆಯೂ ಹೋದವು. ಮೊಮ್ಮಗನ ಸಲುವಾಗಿ ರವಿವಾರ ನಸುಕಿನಲ್ಲಿ ಅಭಯಾರಣ್ಯ: 1946 ರಲ್ಲಿ ಸ್ಥಾಪಿತವಾದ, 117 ಚದರ ಕಿಲೋಮೀಟರಿನ ಈ ಕಾಡು ಪಟ್ಟಣಕ್ಕೆ ಅಂಟಿಕೊಂಡೇ ಇದೆ. ಸಿಂಹ ಕಂಡರೆ ಅವನ ಪುಣ್ಯ. ಹನ್ನೊಂದಕ್ಕೆ ಶೆಲ್‌ಡ್ರಿಕ್ ಸಂಸ್ಥೆಯ ಆನೆಮರಿಗಳು. ದಿನಕ್ಕೆ ಆ ಒಂದೇ ತಾಸು ಜನರನ್ನು ಬಿಡುವದರಿಂದ ಸ್ಥಳವನ್ನು ಮೊದಲೇ ಕಾಯ್ದಿಡಬೇಕು. ಎರಡೂ ಒಂದೇ ಮಗ್ಗುಲಿಗಿವೆ. ವಾಹನಗಳ ದಟ್ಟಣೆಗೆ ಹೆಸರಾದ ಊರಿನಲ್ಲಿ ದಿನಕ್ಕೆ ಒಂದು ದಿಕ್ಕಿಗಿಂತ ಹೆಚ್ಚು ಹಿಡಿಯಬಾರದು.

ರವಿವಾರ ಮಧ್ಯಾಹ್ನದ ಮುಂದೆ ನಾವು ಏನೋ ಬರೆಯಹೋದಾಗ ಮನೆಯವರು ಲೇಖಣಿಯನ್ನು ಕಸಿದುಕೊಂಡರು. ಆ ಹೊತ್ತು ಮಗಳ ತಲೆಗೆ ಎಣ್ಣೆ ಹಚ್ಚಿ ಹಿಕ್ಕುವದಕ್ಕೆ ಬೇಕಂತೆ. ಮಗಳೇ ಹಾಗೆ ಕೇಳಿಕೊಂಡಿರುವಳಂತೆ, ನಮಗದು ತಿಳಿದಿರಲಿಲ್ಲ. ಎಣ್ಣೆಯ ತಗಡಿನ ಡಬ್ಬಿಗೆ ಈಗಾಗಲೇ ಬೆಸುಗೆ ಹಾಕಿಸಿದ್ದಾಗಿದೆ. ವಸತಿಯು ಆನೆಮರಿಗಳ ಸ್ಥಳಕ್ಕೂ ವಿಮಾನ ನಿಲ್ದಾಣಕ್ಕೂ ನಡುವೆ ಇರಲಿ, ಬಿಸಿಲು ಬೀಳುವ ಅಂಗಳವೊಂದಿರಲಿ ಎಂದು ಅಳಿಯಂದಿರಿಗೆ ಬರೆದಿದ್ದೇವೆ.