ಮಾಯದ ಗಾಯ

ಮುಂಬಯಿಯ ಮಳೆಗಾಲದಲ್ಲಿ ಕಾಲು ಒದ್ದೆಯಾಗದೆ ಮನೆ ಸೇರಿದವರುಂಟೆ? ಕೊಚ್ಚೆನೀರಿನಲ್ಲಿ ನಡೆದು, ಲೋಕಲ್ ಗಾಡಿ ಹಿಡಿದು, ಕಾಲಿಗಾದ ಗೀರನ್ನು ರಾತ್ರಿ ಊಟದ ಹೊತ್ತಿಗೆ ಗಮನಿಸುವವರು ನಾವು. ಎಳೆಯರಲ್ಲಿ ಅದು ವಾರದೊಳಗೆ ಮಾಯುತ್ತದೆ. ನಮ್ಮ ಮನೆಯ ಹಿರಿಯರೊಬ್ಬರಿಗೆ ಚಪ್ಪಲಿ ಕಚ್ಚಿದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಕೊನೆಗೆ ಕಾಲಿನ ಒಂದು ಬೆರಳನ್ನೇ ತೆಗೆಯಬೇಕಾಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎಂಬ ಗಾದೆ ನಮಗೆ ಅಂದು ಅರ್ಥವಾಯಿತು.

ಮೂಲ ಕಾರಣ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದರೆ ರೋಗಾಣುಗಳೊಡನೆ ಸೆಣಸುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ವರ್ಷಗಳು ಕಳೆದಂತೆ ರಕ್ತನಾಳಗಳು ಕಿರಿದಾಗುತ್ತವೆ, ನರಗಳು ಜಡವಾಗುತ್ತವೆ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ನೋವಿಲ್ಲವೆಂಬುದೇ ಇಲ್ಲಿ ಅಪಾಯ.

ಬೀಡಿ, ಸಿಗರೇಟುಗಳದು ಎರಡನೆಯ ಪಾಲು. ನಿಕೋಟಿನ್ ರಕ್ತನಾಳಗಳನ್ನು ಹಿಂಡುತ್ತದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್, ಲೋಕಲ್ ಗಾಡಿಯಲ್ಲಿ ಮೊದಲೇ ಸೀಟು ಹಿಡಿದವನಂತೆ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಧೂಮಪಾನ ಬಿಡಿರೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಇಳಿವಯಸ್ಸು, ರಕ್ತಹೀನತೆ, ಬಹುಕಾಲ ಸೇವಿಸಿದ ಸ್ಟೀರಾಯ್ಡ್ ಗುಳಿಗೆಗಳೂ ಗಾಯ ಮಾಯುವುದನ್ನು ತಡಮಾಡುತ್ತವೆ.

ಇನ್ನು ಊರಿನಿಂದ ನಾವು ಹೊತ್ತು ತಂದ 'ನಂಜಿ'ನ ಪಥ್ಯ! ಗಾಯವಾದವರಿಗೆ ಬೇಳೆ ಬೇಡ, ಮೊಟ್ಟೆ ಬೇಡ, ಮೀನು ಬೇಡ, ಬರೀ ಗಂಜಿ. ಆದರೆ ಹೊಸ ಮಾಂಸಖಂಡ, ಹೊಸ ಚರ್ಮ ಹುಟ್ಟಬೇಕಾದರೆ ಬೇಕಾದುದು ಪ್ರೋಟೀನೇ. ಜೊತೆಗೆ ನೆಲ್ಲಿಕಾಯಿ, ಪೇರಲಗಳಲ್ಲಿರುವ ಸಿ ಜೀವಸತ್ವ. ಹಿರಿಯರ ಕಾಳಜಿಯನ್ನು ಗೌರವಿಸೋಣ. ತಟ್ಟೆಗೆ ಬೇಳೆಯನ್ನೂ ಬಡಿಸೋಣ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಮೇಲೆ ನಗರದಲ್ಲಿ ಇಲಿಜ್ವರ ಹಬ್ಬಿತು. ಅದರ ರೋಗಾಣು ಒಳಹೊಗಲು ಸಣ್ಣ ಗೀರೇ ಸಾಕು. ಆದುದರಿಂದ ನೀರಿನಲ್ಲಿ ನಡೆದು ಬಂದ ದಿನ ಕಾಲನ್ನು ಸಾಬೂನಿನಿಂದ ತೊಳೆದು, ಬೆರಳ ಸಂದುಗಳನ್ನು ಒರೆಸಿಕೊಳ್ಳುವುದು ಒಳ್ಳೆಯದು. ಗಾಯಕ್ಕೆ ಸುಣ್ಣ, ಕಾಫಿಪುಡಿ ಮೆತ್ತುವುದು ಬೇಡ. ಗಾಯ ಕೆಂಪಾಗಿ ಊದಿದರೆ, ಕೀವು ಬಂದರೆ, ಜ್ವರ ಕಾಣಿಸಿದರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಸಕ್ಕರೆ ಕಾಯಿಲೆಯವರಂತೂ ಸಣ್ಣ ಗಾಯಕ್ಕೂ ಕಾಯಬಾರದು.

ಊರು ಬಿಟ್ಟು ನಮ್ಮೊಡನೆ ಬಂದಿರುವ ಅಪ್ಪ ಅಮ್ಮಂದಿರು ತಮ್ಮ ಬೇನೆಯನ್ನು ಬಾಯಿಬಿಟ್ಟು ಹೇಳುವವರಲ್ಲ. ಹಬ್ಬದ ದಿನ ಅವರ ಪಾದ ಮುಟ್ಟಿ ನಮಸ್ಕರಿಸುವ ನಾವು, ಉಳಿದ ದಿನಗಳಲ್ಲಿ ಅವರ ಅಂಗಾಲನ್ನೂ ಒಮ್ಮೆ ನೋಡುವುದು ಮೇಲು.